ಹೊಸಬರಿಗೆ ಮಾರ್ಗದರ್ಶಿ: ಕುಡಿದಿದ್ದರೆ ಕಾರಿನ ಕೀ ಮುಟ್ಟಬೇಡಿ

ಸಿಕ್ಕಿಬಿದ್ದರೆ ದಂಡ ಕಟ್ಟಿದರಾಯಿತು ಎನ್ನುವ ಧೈರ್ಯದಲ್ಲೇ ಅನೇಕರು ಕ್ಯಾಲಿಫೋರ್ನಿಯಾಕ್ಕೆ ಬರುತ್ತಾರೆ. ಇಲ್ಲಿ ರಸ್ತೆಯಲ್ಲೇ ಕೈಗೆ ಕೋಳ ಬೀಳುತ್ತದೆ, ಕಾರನ್ನು ಟೋ ಮಾಡುತ್ತಾರೆ, ರಾತ್ರಿ ಲಾಕಪ್ಪಿನಲ್ಲಿ ಕಳೆಯಬೇಕಾಗುತ್ತದೆ.

ರಕ್ತದಲ್ಲಿ ಆಲ್ಕೋಹಾಲ್ ಮಿತಿ ಶೇ. 0.08. ಇಂಡಿಯಾದ 0.03ರ ಮುಂದೆ ಇದು ಧಾರಾಳ ಅನ್ನಿಸಬಹುದು. ಆದರೆ ಅಷ್ಟು ಮುಟ್ಟದಿದ್ದರೂ, ಅಮಲಿನಲ್ಲಿ ಓಡಿಸುತ್ತಿದ್ದೀರಿ ಎಂದು ಕಂಡರೆ ಕೇಸು ಹಾಕಬಹುದು. ಇಲ್ಲಿನ ಲೆಕ್ಕದಲ್ಲಿ ಒಂದು ಡ್ರಿಂಕ್ ಎಂದರೆ ಸುಮಾರು 44 ಎಂ.ಎಲ್. ವಿಸ್ಕಿ. ನಾವು ಅಳತೆಯಿಲ್ಲದೆ ಲೋಟಕ್ಕೆ ಸುರಿಯುವ ‘ಒಂದೇ ಒಂದು ಪೆಗ್’ ಎಷ್ಟೋ ಸಲ ಅದರ ಎರಡರಷ್ಟಿರುತ್ತದೆ. ಒಂದು ಡ್ರಿಂಕ್ ಇಳಿಯಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಮಜ್ಜಿಗೆ, ನಿಂಬೆರಸ, ಸ್ಟ್ರಾಂಗ್ ಕಾಫಿ ಯಾವುದೂ ಅದನ್ನು ಬೇಗ ಇಳಿಸದು. ಫ್ರೀವೇಯಲ್ಲಿ 65 ಮೈಲಿ ವೇಗದಲ್ಲಿದ್ದಾಗ ಬ್ರೇಕ್ ಒತ್ತುವುದು ಒಂದು ಸೆಕೆಂಡ್ ತಡವಾದರೆ ಕಾರು 95 ಅಡಿ ಮುಂದೆ ಹೋಗಿರುತ್ತದೆ.

ಎಚ್-1ಬಿ (ಉದ್ಯೋಗ), ಎಫ್-1 (ವಿದ್ಯಾರ್ಥಿ) ವೀಸಾದವರು ಇದನ್ನು ಮನಸ್ಸಿಟ್ಟು ಓದಿ. ಕೋರ್ಟಿನ ತೀರ್ಪಿಗೆ ಕಾಯದೆ, ಬರೀ ಅರೆಸ್ಟ್ ಆದರೂ ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ರದ್ದು ಮಾಡಬಹುದು. ತಕ್ಷಣ ಕೆಲಸಕ್ಕೆ ಅಡ್ಡಿಯಾಗದಿರಬಹುದು, ಆದರೆ ದೇಶ ಬಿಟ್ಟರೆ ಮರಳಲು ಹೊಸ ವೀಸಾ ಬೇಕು, ಅದಕ್ಕೆ ಗೊತ್ತುಪಡಿಸಿದ ವೈದ್ಯರ ತಪಾಸಣೆಯೂ ಆಗಬೇಕು. ಹೀಗೆ ವೀಸಾ ರದ್ದಾಗಿದ್ದ ನಮ್ಮ ಕನ್ನಡ ಕೂಟದವರೊಬ್ಬರು, ಹುಬ್ಬಳ್ಳಿಯಲ್ಲಿ ತಂದೆ ಐಸಿಯುನಲ್ಲಿದ್ದಾಗ, ಬುಕ್ ಮಾಡಿದ ಟಿಕೆಟ್ಟನ್ನು ತಾವೇ ರದ್ದು ಮಾಡಿದರು. ಹೋದರೆ ಹೆಂಡತಿ ಮಕ್ಕಳ ಹತ್ತಿರ ಯಾವಾಗ ವಾಪಸ್ ಬರುವುದೋ ಗೊತ್ತಿರಲಿಲ್ಲ. ಅಪ್ಪನ ಮುಖವನ್ನು ಕೊನೆಯ ಸಲ ವಿಡಿಯೋ ಕಾಲಿನಲ್ಲಿ ನೋಡಿದರು.

14 ತುಂಬದ ಮಗು ಕಾರಿನಲ್ಲಿದ್ದು ತಪ್ಪು ಸಾಬೀತಾದರೆ ಶಿಕ್ಷೆ ಇನ್ನೂ ಹೆಚ್ಚು. ಪಾರ್ಟಿಯಲ್ಲಿ ಉಳಿದ ಅರ್ಧ ಬಾಟಲಿಯನ್ನು ಸೀಟಿನ ಕೆಳಗಿಡುವುದೂ ಅಪರಾಧ, ಡಿಕ್ಕಿಯಲ್ಲಿಡಿ.

ಪೊಲೀಸರು ನಿಲ್ಲಿಸಿದರೆ ಊರಿನಲ್ಲಿ ಮಾಡುವಂತೆ ಇಳಿದು ಅವರತ್ತ ಹೋಗಬೇಡಿ, ಕೈ ಸ್ಟೀರಿಂಗ್ ಮೇಲೇ ಇರಲಿ. ಅರೆಸ್ಟ್ ಆದರೆ 10 ದಿನದೊಳಗೆ ಲೈಸೆನ್ಸ್ ಕೊಡುವ ಇಲಾಖೆಯಾದ ಡಿಎಂವಿಯಲ್ಲಿ ವಿಚಾರಣೆ ಕೇಳಿಕೊಳ್ಳಬೇಕು. ಕೇಸಿನ ವಕೀಲರ ಜೊತೆ ಇಮಿಗ್ರೇಶನ್ ವಕೀಲರನ್ನೂ ಕಾಣಿ. ಮುಂದಿನ ವೀಸಾ, ಗ್ರೀನ್ ಕಾರ್ಡ್ ಅರ್ಜಿಗಳಲ್ಲಿ ಇದನ್ನು ಮುಚ್ಚಿಡಲೇಬೇಡಿ.

ಎಷ್ಟೋ ಮನೆಗಳಲ್ಲಿ ಕಾರು ಓಡಿಸಬಲ್ಲವರು ಒಬ್ಬರೇ ಇರುತ್ತಾರೆ, ಅನಾಹುತ ಶುರುವಾಗುವುದೇ ಅಲ್ಲಿಂದ. ಆದ್ದರಿಂದ ಗಂಡ ಹೆಂಡತಿ ಇಬ್ಬರೂ ಬೇಗ ಲೈಸೆನ್ಸ್ ಮಾಡಿಸಿಕೊಳ್ಳಿ. ಊಟಕ್ಕೆ ಹೊರಡುವ ಮುಂಚೆಯೇ ವಾಪಸ್ ಓಡಿಸುವವರು ಯಾರೆಂದು ತೀರ್ಮಾನಿಸಿ. ಅದೂ ಆಗದಿದ್ದರೆ ಊಬರ್ ಕರೆಸಿ, ಇಲ್ಲವೇ ಕೂಟದ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಹಾಕಿ. ರಾತ್ರಿ ಎರಡು ಗಂಟೆಯಾದರೂ ನಮ್ಮಲ್ಲಿ ಯಾರಾದರೂ ಬರುತ್ತೇವೆ.