ಪಟ್ಟಿಯಲ್ಲಿಲ್ಲದ ಡ್ರಗ್ಸ್‌ ಪತ್ತೆ: ನನ್ನ ಅನುಭವ

ಸಾವಿನ ಲಕ್ಷಣ ನೋಡಿದರೆ ಓಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ ಡ್ರಗ್) ಅನ್ನಿಸುತ್ತದೆ. ಆದರೆ ಸ್ಕ್ರೀನಿಂಗ್ ಕಿಟ್ ನೆಗೆಟಿವ್ ಅನ್ನುತ್ತದೆ. ಸಾವಿನ ಕೇಸುಗಳಲ್ಲಿ ವಿಷ, ಡ್ರಗ್ಸ್ ಹುಡುಕುವ ಫೊರೆನ್ಸಿಕ್ ಟಾಕ್ಸಿಕಾಲಜಿ ಲ್ಯಾಬ್‌ನಲ್ಲಿ ನನ್ನ ತಲೆ ತಿನ್ನುವುದು ಇಂಥ ಕೇಸುಗಳೇ. ಕಿಟ್‌ನ ಆ್ಯಂಟಿಬಾಡಿ ಮಾರ್ಫಿನ್, ಫೆಂಟನಿಲ್ ಇಂಥವನ್ನು ಹಿಡಿಯಲು ಮಾಡಿದ್ದು. ನಿಟಜೀನ್ ಅನ್ನುವ ಕೃತಕ ಓಪಿಯಾಯ್ಡ್‌ಗಳ ರಚನೆಯೇ ಬೇರೆ, ಹಾಗಾಗಿ ತಪ್ಪಿಸಿಕೊಳ್ಳುತ್ತವೆ. 1950ರ ದಶಕದಲ್ಲಿ ನೋವು ನಿವಾರಕಕ್ಕೆಂದು ತಯಾರಾಗಿ, ಔಷಧಿಯಾಗಿ ಮಾರುಕಟ್ಟೆಗೇ ಬಾರದ ಗುಂಪು ಇದು. 2019ರ ಸುಮಾರಿಗೆ ಈ ಗುಂಪಿನ ಐಸೊಟೊನಿಟಜೀನ್ ಕಳ್ಳಮಾರುಕಟ್ಟೆಯಲ್ಲಿ ಕಾಣಿಸಿಕೊಂಡಿತು.

ಸ್ಯಾಂಪಲ್ ವಿಷಯದಲ್ಲಿ ನಾನು ಹಟಮಾರಿ. ತೊಡೆಯ ರಕ್ತನಾಳದ ರಕ್ತವೇ ಬೇಕು. ಸತ್ತ ಮೇಲೆ ಅಂಗಗಳಲ್ಲಿದ್ದ ಔಷಧಿ ಹೃದಯದ ರಕ್ತಕ್ಕೆ ಇಳಿದು ಪ್ರಮಾಣ ಜಾಸ್ತಿ ತೋರಿಸಬಹುದು. ಫ್ಲೋರೈಡ್ ಇರುವ ಟ್ಯೂಬು, ಕೂಡಲೇ ಫ್ರೀಜರ್, ಅಷ್ಟೇ.

ಅಂಥ ಒಂದು ಸ್ಯಾಂಪಲನ್ನು ಅಣುಗಳ ತೂಕವನ್ನು ನಿಖರವಾಗಿ ಅಳೆಯುವ ಹೈ ರೆಸಲ್ಯೂಶನ್ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಹಾಕಿದೆ. ಅದು ಪಟ್ಟಿ ನೋಡಿ ಹುಡುಕುವುದಿಲ್ಲ, ಬಂದದ್ದನ್ನೆಲ್ಲ ದಾಖಲಿಸುತ್ತದೆ. ತೂಕದ ಅಂಕಿ 411.239ರಲ್ಲಿ ಒಂದು ಪುಟ್ಟ ಪೀಕ್ (ಗ್ರಾಫಿನಲ್ಲಿ ಏರಿದ ಗೆರೆ) ಇತ್ತು. ಆ ಅಣುವನ್ನು ಒಡೆದಾಗ 100.112 ಮತ್ತು 72.081 ತೂಕದ ತುಣುಕುಗಳು ಎದ್ದು ನಿಂತವು. ಬಹಳಷ್ಟು ನಿಟಜೀನ್‌ಗಳ ಬಾಲದಿಂದ ಬರುವ ತುಣುಕುಗಳು ಇವು. ಗೊತ್ತಿರುವ ಡ್ರಗ್ಸ್‌ಗಳ ದಾಖಲೆ ಇರುವ ಲೈಬ್ರರಿ ಕೂಡಲೇ ಐಸೊಟೊನಿಟಜೀನ್ ಅಂತ ತೋರಿಸಿತು.

ಇಲ್ಲಿ ಅವಸರ ಮಾಡಬಾರದು. ಪ್ರೊಟೊನಿಟಜೀನ್ ಅನ್ನುವ ಇನ್ನೊಂದು ನಿಟಜೀನ್‌ನ ತೂಕವೂ ಅದೇ, ತುಣುಕುಗಳೂ ಅವೇ. ಮೂರು ಕಾರ್ಬನ್‌ಗಳ ಒಂದು ತುದಿ ಒಂದರಲ್ಲಿ ನೇರ, ಇನ್ನೊಂದರಲ್ಲಿ ಕವಲು, ವ್ಯತ್ಯಾಸ ಅಷ್ಟೇ. ಹೋಲಿಸಿ ನೋಡಲು ಎರಡರ ಸ್ಟ್ಯಾಂಡರ್ಡನ್ನೂ (ಶುದ್ಧ ಮಾದರಿ) ತರಿಸಿದೆ. ನಮ್ಮ ಮಾಮೂಲಿ ವಿಧಾನದಲ್ಲಿ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಕಾಲಂನಿಂದ (ವಸ್ತುಗಳನ್ನು ಬೇರ್ಪಡಿಸುವ ಕೊಳವೆ) ಹೊರಬಂದವು. ಕಾಲಂನಲ್ಲಿ ಹರಿಯುವ ದ್ರಾವಕದ ಮಿಶ್ರಣ ಬದಲಾಗುವ ವೇಗವನ್ನು, ಅಂದರೆ ಗ್ರೇಡಿಯಂಟನ್ನು, ನಿಧಾನ ಮಾಡಿದಾಗ ಪೀಕ್‌ಗಳು ಬೇರೆಯಾದವು. ಕೇಸಿನ ಪೀಕ್ ಪ್ರೊಟೊನಿಟಜೀನ್ ಜೊತೆ ಸರಿಯಾಗಿ ಕೂತಿತು. ಅದೇ ರಕ್ತಕ್ಕೆ ಒಂದಿಷ್ಟು ಪ್ರೊಟೊನಿಟಜೀನ್ ಸ್ಟ್ಯಾಂಡರ್ಡ್ ಬೆರೆಸಿ ಮತ್ತೆ ಓಡಿಸಿದೆ. ಪೀಕ್ ಎರಡಾಗಲಿಲ್ಲ, ಎತ್ತರ ಮಾತ್ರ ಏರಿತು. ಆಗಲೇ ನಾನು ಹೆಸರು ಬರೆದದ್ದು.

ಯಾವುದಾದರೇನು, ಎರಡೂ ಅಪಾಯವೇ ಅಲ್ವಾ ಅಂತ ಕೇಳುವವರಿದ್ದಾರೆ. ಕಾನೂನಿಗೆ ಹೆಸರು ಮುಖ್ಯ. ಮಾದಕ ವಸ್ತುಗಳ ನಿಯಂತ್ರಣದ 1961ರ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಐಸೊಟೊನಿಟಜೀನ್ 2021ರಲ್ಲಿ ಸೇರಿತು, ಪ್ರೊಟೊನಿಟಜೀನ್ ಆಮೇಲೆ. ಸ್ಟ್ಯಾಂಡರ್ಡ್ ಸಿಗದಿದ್ದರೆ ‘ಇದು ಅಥವಾ ಇದರ ಐಸೊಮರ್’ (ಅವೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ) ಅಂತಲೇ ನಾನು ಬರೆಯುವುದು.

ಪ್ರಮಾಣ ಅಳೆಯುವುದು ಇನ್ನೂ ಕಷ್ಟ. ಒಂದು ಮಿಲಿಲೀಟರ್ ರಕ್ತದಲ್ಲಿ ಒಂದೆರಡು ನ್ಯಾನೋಗ್ರಾಂ, ಕೆಲವೊಮ್ಮೆ ಅದಕ್ಕೂ ಕಡಿಮೆ ಇರುತ್ತದೆ. ಅಂಕಿ ಒಂದನ್ನೇ ನೋಡಿ ಸಾವಿನ ಕಾರಣ ಹೇಳಲಾಗದು. ಬೇರೆ ಔಷಧಿಗಳು, ಆ ವ್ಯಕ್ತಿಯ ದೇಹ ಇಂಥ ಡ್ರಗ್ಸ್‌ಗೆ ಎಷ್ಟು ಒಗ್ಗಿತ್ತು ಅನ್ನುವುದು, ಮರಣೋತ್ತರ ಪರೀಕ್ಷೆಯ ವಿವರ ಎಲ್ಲವೂ ಬೇಕು.

ಯಂತ್ರದ ದಾಖಲೆಗಳನ್ನು ನಾವು ಅಳಿಸುವುದಿಲ್ಲ. ಹೊಸ ಹೆಸರು ಲೈಬ್ರರಿಗೆ ಸೇರಿದಾಗಲೆಲ್ಲ ಬಗೆಹರಿಯದ ಹಳೆಯ ಕೇಸುಗಳ ಫೈಲುಗಳನ್ನು ಮತ್ತೆ ಜಾಲಾಡುತ್ತೇನೆ. ಪೀಕ್ ಕಂಡರೆ, ಉಳಿಸಿಟ್ಟ ರಕ್ತದಿಂದ ಹೊಸದಾಗಿ ಪರೀಕ್ಷೆ ಮಾಡಿ, ಅದು ಸರಿ ಅಂತ ಆದ ಮೇಲೆ ಪೂರಕ ವರದಿ ಕಳಿಸುತ್ತೇನೆ.