ಕಾಫಿ ಬೊಡ್ಡೆಯಲ್ಲಿ ಕುಂಕುಮ ಭರಣಿ: ಕೊನೆಗೂ ಬಿರಿಯದೆ ನಿಂತಿತು

ಈ ಸಲ ಗೌರಿ ಹಬ್ಬದಲ್ಲಿ ಅಕ್ಕ ಕೊಟ್ಟ ಹದಿನಾರು ಬಾಗಿನಗಳಲ್ಲಿ ನಾನು ಕಡೆದ ಹದಿನಾರು ಕುಂಕುಮ ಭರಣಿಗಳಿದ್ದವು. ಎಲ್ಲವೂ ಹೋದ ವರ್ಷ ಮುಗಿಸಿ ಇಟ್ಟವು. ಒಂದು ಪೂರ್ತಿ ಮಳೆಗಾಲ, ಚಳಿ, ಬೇಸಿಗೆ ಕಂಡಿವೆ. ಒಂದರಲ್ಲೂ ಕೂದಲೆಳೆಯಷ್ಟು ಸೀಳಿಲ್ಲ. ಮರ ಬೀಟೆಯಲ್ಲ, ಹಲಸಲ್ಲ. ರೊಬಸ್ಟಾ ಕಾಫಿ ಗಿಡದ ಬೊಡ್ಡೆ.

ಶುರು ಮಾಡಿದಾಗ ನಮ್ಮ ಊರಿನ ಆಚಾರ್ರು, "ಅಲ್ಲ ಮಾರಾಯ್ರೆ, ಸೌದೆಯಲ್ಲಿ ಭರಣಿ ಆಗ್ತದಾ? ಬಿರಿದು ಹೋಗ್ತದೆ" ಅಂದಿದ್ದರು. ಚನ್ನಪಟ್ಟಣದಲ್ಲಿ, ಕಡೆದ ಮರಕ್ಕೆ ಬಣ್ಣ ಹಾಕುವ ಅರಗಿನ ಕಡ್ಡಿ ತರಲು ಹೋದಾಗ ಅಲ್ಲಿನ ಒಬ್ಬ ಕಸುಬುದಾರರು ನನ್ನ ತುಂಡನ್ನು ಉಗುರಲ್ಲಿ ಒತ್ತಿ ನೋಡಿ, "ನಾವು ಬೊಂಬೆಗೆ ಬಳಸೋ ಆಲೆ ಮರ ಮೆತ್ತಗೆ ಸಾರ್, ಅರಗು ಕುಡಿಯುತ್ತೆ. ಇದು ಕಲ್ಲು. ಹಿಡಿಯಲ್ಲ" ಅಂದರು. ಇಬ್ಬರೂ ನಲವತ್ತು ವರ್ಷ ಮರ ಮುಟ್ಟಿದವರು. ಆದರೂ ನನಗೆ ಆ ತಿಳಿ ಹಳದಿ ಬಣ್ಣ, ಆ ಸಣ್ಣ ನಾರು ಬಿಡಲು ಮನಸ್ಸಾಗಲಿಲ್ಲ. ಕಾಫಿ ಮರವನ್ನು ಒಂದು ಸಲ ಹರಿತವಾದ ಉಳಿಯಲ್ಲಿ ಕಡೆದು ನೋಡಿ, ಉಪ್ಪುಕಾಗದ ಮುಟ್ಟಿಸುವ ಮೊದಲೇ ಮಿನುಗುತ್ತದೆ.

ಮೊದಲ ವರ್ಷದ ಲೆಕ್ಕ ಹೇಳಿಬಿಡುತ್ತೇನೆ. ಮರ ಕಡೆಯುವ ಸೆಕೆಂಡ್ ಹ್ಯಾಂಡ್ ಲೇತ್‌ಗೆ 22 ಸಾವಿರ, ತುಂಡನ್ನು ಕಚ್ಚಿ ಹಿಡಿಯುವ ನಾಲ್ಕು ದವಡೆಯ ಚಕ್‌ಗೆ ಏಳು ಸಾವಿರದ ಹತ್ತಿರ, ಉಳಿಗಳಿಗೆ ಐದಾರು ಸಾವಿರ, ಬೊಡ್ಡೆ ತರಲು ಪಿಕಪ್ ಬಾಡಿಗೆ ಎರಡು ಸಲ. ಬೊಡ್ಡೆ ಪುಕ್ಕಟೆ. ಹಳೇ ಗಿಡ ಕಿತ್ತು ಹೊಸದು ಹಾಕುವವರು, ತಗೊಂಡು ಹೋದರೆ ಸಾಕು ಅನ್ನುತ್ತಾರೆ. ಎಲ್ಲ ಸೇರಿ 40 ಸಾವಿರ ಹೋಯಿತು. ಬಂದದ್ದು ಏನೂ ಇಲ್ಲ.

ಅರೇಬಿಕಾ ತರಬೇಡಿ. ತೋಟದವರು ಸುಮ್ನೆ ಕೊಡುವ ಅರೇಬಿಕಾ ಹೆಚ್ಚಾಗಿ ಬೋರರ್ (ಕಾಂಡ ಕೊರೆಯುವ ಹುಳ) ಹಿಡಿದದ್ದೇ ಇರುತ್ತದೆ. ಒಳಗೆಲ್ಲ ಸುರಂಗ. ಅದನ್ನು ಸುಡಬೇಕು, ಮನೆಗೆ ತಂದು ಇಟ್ಟುಕೊಂಡರೆ ಹುಳ ಹೊರಗೆ ಬಂದು ಅಕ್ಕಪಕ್ಕದ ತೋಟಕ್ಕೆ ಹೋಗುತ್ತದೆ. ಹಳೇ ರೊಬಸ್ಟಾ ಬುಡ ಏಳೆಂಟು ಇಂಚು ದಪ್ಪ ಸಿಗುತ್ತದೆ, ಅದೇ ಬೇಕು.

ಮೊದಲು ಇಪ್ಪತ್ತು ತುಂಡು ದುಂಡಗೇ ಕೊಯ್ದು ಬಚ್ಚಲು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟೆ. ಹೊಗೆಗೆ ಚೆನ್ನಾಗಿ ಒಣಗುತ್ತದೆ ಅಂತ ನನ್ನ ಎಣಿಕೆ. ಮೂರನೇ ದಿನ ರಾತ್ರಿ ಟಕ್ ಅಂತ ಸದ್ದು. ಬೆಳಿಗ್ಗೆ ನೋಡಿದರೆ ತಿರುಳಿನಿಂದ ಸಿಪ್ಪೆವರೆಗೆ ಬೆರಳು ತೂರುವಷ್ಟು ಸೀಳು. ವಾರದಲ್ಲಿ ಹದಿನೇಳು ಹೋದವು. ಎರಡನೇ ಸಲ ಎರಡು ತುದಿಗೂ ಮೇಣ ಬಳಿದೆ. ಹತ್ತಕ್ಕೆ ಆರು ಹೋದವು. ಸಗಣಿಯನ್ನೂ ಬಳಿದು ನೋಡಿದ್ದೇನೆ. ಮೇಣಕ್ಕಿಂತ ಕಡಿಮೆಯೇನಿಲ್ಲ, ಆದರೆ ಕೊನೆಗೆ ಕಲೆ ಉಳಿಯುತ್ತದೆ.

ತಿರುಳು ಒಳಗಿದ್ದರೆ ಈ ಮರ ಬಿರಿದೇ ಬಿರಿಯುತ್ತದೆ. ಇದು ಗೊತ್ತಾಗಲು ನನಗೆ ಸುಮಾರು ಐವತ್ತು ತುಂಡು ಬೇಕಾಯಿತು. ಈಗ ಬೊಡ್ಡೆಯನ್ನು ಹಸಿಯಿರುವಾಗಲೇ ನಡುವೆ ಸೀಳಿ, ತಿರುಳಿನ ಕಡೆ ಅರ್ಧ ಇಂಚು ಕೊಯ್ದು ಬಿಸಾಡುತ್ತೇನೆ. ಉಳಿದದ್ದರಲ್ಲಿ ಎರಡೂಮುಕ್ಕಾಲು ಇಂಚಿನ ದುಂಡು ಬರುತ್ತದೆ. ಅದನ್ನು ಅವತ್ತೇ ಲೇತ್‌ಗೆ ಹಾಕಿ ಹೊರಗೂ ಒಳಗೂ ಕಡೆದು, ಗೋಡೆ 12 ಮಿಲಿಮೀಟರ್ ಬಿಟ್ಟು ನಿಲ್ಲಿಸುತ್ತೇನೆ. ಮುಚ್ಚಳವೂ ಅದೇ ತುಂಡಿನದು. ಮುಚ್ಚಳ ಬಿಡಿಸುವಾಗ ಮರದ ಗೆರೆ ಜಾಸ್ತಿ ತುಂಡಾಗಬಾರದು ಅಂತ, ವರ್ಕ್‌ಶಾಪ್‌ನವರು ಎಸೆದ ದೊಡ್ಡ ಹ್ಯಾಕ್ಸಾ ಬ್ಲೇಡ್ ಉಜ್ಜಿ ಎರಡು ಮಿಲಿಮೀಟರ್‌ಗೂ ತೆಳುವಾದ ಉಳಿ ಮಾಡಿಕೊಂಡಿದ್ದೇನೆ. ಬಿಡಿಸಲೆಂದೇ ಅಂಗಡಿಯಲ್ಲಿ ಸಿಗುವ ಪಾರ್ಟಿಂಗ್ ಉಳಿಗಿಂತ ಅದೇ ಚೆನ್ನ.

ಆಮೇಲೆ ಬೇಯಿಸುವುದು. ಇದಕ್ಕೇ ಎಲ್ಲರೂ ತಲೆ ಅಲ್ಲಾಡಿಸಿದ್ದು. ಹಳೇ ಸ್ನಾನದ ಹಂಡೆಯಲ್ಲಿ ನೀರು ಕುದಿಸಿ, ಕಡೆದ ತುಂಡುಗಳನ್ನು ಮುಳುಗಿಸಿ ಮೇಲೆ ಕಲ್ಲು ಹೇರಿ ಒಂದೂವರೆ ಗಂಟೆ. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ವಾಸನೆ ಮಾತ್ರ ಹಸಿ ಸೊಪ್ಪಿನದು. ಹಂಡೆಯಲ್ಲೇ ಆರಲು ಬಿಡಬೇಕು. ಬೇಗ ಹೊರಗೆ ತೆಗೆದ ನಾಲ್ಕು ಅವತ್ತೇ ಸಂಜೆ ಸೀಳಿದವು. ಬೇಯಿಸಿದ್ದರಿಂದ ಇನ್ನೊಂದು ಲಾಭ, ಒಳಗಿರುವ ಕುಟ್ಟೆ ಹುಳ ಸಾಯುತ್ತದೆ. ಮೊದಲು ಕೊಟ್ಟ ಒಂದು ಭರಣಿಯ ಕೆಳಗೆ ದೇವರ ಮಣೆ ಮೇಲೆ ದಿನಾ ಬಿಳಿ ಪುಡಿ ಬೀಳುತ್ತಿತ್ತು. ಆ ಬೇಜಾರು ನನಗಿನ್ನೂ ಇದೆ.

ಬೆಂದ ತುಂಡುಗಳನ್ನು ಅವುಗಳದ್ದೇ ಹಸಿ ಹೊಟ್ಟಿನಲ್ಲಿ ಹೂತು ಗೋಣಿಚೀಲ ಕಟ್ಟಿ ಕತ್ತಲ ಮೂಲೆಯಲ್ಲಿ ಇಡುತ್ತೇನೆ. ಬೂಷ್ಟು ಬರುತ್ತದೆ ಅಂತ ವಾರಕ್ಕೊಮ್ಮೆ ಹೊಟ್ಟು ಕೆದಕಿ, ಒದ್ದೆ ಇದ್ದರೆ ಬದಲಿಸುವುದು. ಒಂದು ತಿಂಗಳ ನಂತರ ಬರೀ ಪೇಪರ್ ಸುತ್ತಿ ಶೆಲ್ಫ್‌ಗೆ. ಅಡುಗೆಮನೆಯ ತೂಕದ ಯಂತ್ರದಲ್ಲಿ ತೂಗಿ ಪೆನ್ಸಿಲ್‌ನಲ್ಲಿ ತಳದ ಮೇಲೇ ಬರೆಯುತ್ತೇನೆ. ಮುಚ್ಚಳ ಸೇರಿ 240 ಗ್ರಾಂ ಇದ್ದದ್ದು ಇಳಿದು ಇಳಿದು 165ರ ಆಸುಪಾಸಿನಲ್ಲಿ ನಿಂತಿತು. ಎರಡು ವಾರ ಅಲುಗಲಿಲ್ಲ ಅಂದರೆ ಒಣಗಿದೆ. ಮೂರೂವರೆ ತಿಂಗಳು ಹಿಡಿಯುತ್ತದೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಮೈಕ್ರೋವೇವ್‌ನಲ್ಲಿ ಎರಡೆರಡು ನಿಮಿಷ ಇಟ್ಟು ಕೂಡ ನೋಡಿದೆ. ಒಂದು ಒಳಗೇ ಕರಿಕಾಯಿತು, ಎರಡು ಸರಿಯಾದವು. ಮನೆಯವಳು ಆ ಯಂತ್ರವನ್ನು ಮತ್ತೆ ಮುಟ್ಟಲು ಬಿಡಲಿಲ್ಲ, ಅದು ನ್ಯಾಯವೇ.

ಒಣಗಿದಾಗ ತುಂಡು ದುಂಡಗಿರುವುದಿಲ್ಲ, ಮೊಟ್ಟೆಯ ಹಾಗೆ ಆಗಿರುತ್ತದೆ. ಅದಕ್ಕೇ ಗೋಡೆ ದಪ್ಪ ಬಿಟ್ಟಿದ್ದು. ಎರಡನೇ ಸಲ ಕಡೆದಾಗ ಎರಡೂಕಾಲು ಇಂಚಿಗೆ ಬರುತ್ತದೆ. ಮುಚ್ಚಳ ಕೂರುವ ಕಂಠದಲ್ಲಿ ನಾನು ತುಂಬ ಪೆಟ್ಟು ತಿಂದೆ. ಮೊದಮೊದಲು ಕಂಠ ಹತ್ತು ಮಿಲಿಮೀಟರ್ ಎತ್ತರ, ಬಿಗಿಯೂ ಜಾಸ್ತಿ. ತೆಗೆಯುವಾಗ ಬರುವ 'ಟಪ್' ಸದ್ದು ಕೇಳಿ ಖುಷಿಪಟ್ಟಿದ್ದೆ. ಅದೇ ಭರಣಿ ಬಳ್ಳಾರಿಗೆ ಹೋಯಿತು. ಏಪ್ರಿಲ್‌ನಲ್ಲಿ ಅತ್ತೆ ಫೋನ್ ಮಾಡಿ, "ಹಬ್ಬದ ದಿನ ಮುಚ್ಚಳ ತೆಗೆಯೋಕೇ ಆಗಲಿಲ್ಲ ಕಣಪ್ಪ, ಕುಂಕುಮ ಒಳಗೇ ಉಳೀತು" ಅಂದರು. ಆ ಬಿಸಿಲಿಗೆ ಮರ ಮತ್ತೆ ಒಂದು ಕಡೆ ಕುಗ್ಗಿ ಕಂಠ ಹಿಡಿದುಕೊಂಡಿತ್ತು. ಈಗ ಕಂಠ ಐದು ಮಿಲಿಮೀಟರ್ ಮಾತ್ರ. ಮುಚ್ಚಳ ಸಲೀಸಾಗಿ ತಿರುಗಬೇಕು, ತಲೆಕೆಳಗೆ ಮಾಡಿದರೆ ನಿಧಾನಕ್ಕೆ ಜಾರಬೇಕು. ಸದ್ದು ಬರದಿದ್ದರೂ ಚಿಂತೆಯಿಲ್ಲ. ಮುಚ್ಚಳದ ಗೆರೆ ಭರಣಿಯ ಗೆರೆಗೆ ಕೂಡುವ ಜಾಗದಲ್ಲಿ ಒಳಗೆ ಒಂದು ಚುಕ್ಕೆ ಇಡಿ, ಮುಚ್ಚಳ ಅಲ್ಲಿಗೇ ಕೂರಿಸಿ ಇಟ್ಟರೆ ಒಳ್ಳೆಯದು.

ಅರಗು ನಿಜವಾಗಿಯೂ ಹಿಡಿಯಲಿಲ್ಲ, ಮೊದಲ ನಾಲ್ಕು ತಿಂಗಳು. ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತಿತ್ತು. ನಯವಾಗಲಿ ಅಂತ 400ರ ನುಣುಪು ಉಪ್ಪುಕಾಗದದವರೆಗೆ ಉಜ್ಜುತ್ತಿದ್ದೆ, ಅದೇ ತಪ್ಪು. ಈಗ ತರಿತರಿಯಾದ 180ಕ್ಕೆ ನಿಲ್ಲಿಸುತ್ತೇನೆ. ಲೇತ್ ಎರಡು ಸಾವಿರ ಆರ್‌ಪಿಎಂ ಹತ್ತಿರ ಓಡಿಸಿ, ಒಣ ಮರದ ಚೂರು ಒತ್ತಿ ಮೈ ಬಿಸಿ ಮಾಡಿ, ಆಮೇಲೆ ಅರಗಿನ ಕಡ್ಡಿ ಒತ್ತಿದರೆ ಬೆಣ್ಣೆಯ ಹಾಗೆ ಹರಡುತ್ತದೆ. ಬಿಸಿ ಮಾಡುವ ಮೊದಲು ಒಂದು ವಸ್ತು ಒರೆಸುತ್ತೇನೆ. ಅದು ಏನು ಅಂತ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಹೊಳಪಿಗೆ ಚನ್ನಪಟ್ಟಣದವರ ಹಾಗೆ ಕೇದಿಗೆ ಗರಿಯೇ ಸರಿ. ನಮ್ಮ ಹಳ್ಳದ ದಂಡೆಯಲ್ಲಿ ಬೇಕಾದಷ್ಟಿದೆ, ಅಂಚಿನ ಮುಳ್ಳು ಸೀಳಿ ತೆಗೆದರಾಯಿತು. ಅಡಿಕೆ ಹಾಳೆಯಲ್ಲಿ ಉಜ್ಜಿ ನೋಡಿದೆ, ಗೀರು ಬಿತ್ತು. ಬಾಳೆಯ ಒಣ ರೆಚ್ಚೆ ಪರವಾಗಿಲ್ಲ, ಆದರೆ ಎರಡು ನಿಮಿಷಕ್ಕೆ ಪುಡಿಯಾಗುತ್ತದೆ.

ನಾನು ಪೂರ್ತಿ ಅರಗು ಹಾಕುವುದಿಲ್ಲ. ಮುಚ್ಚಳದ ಅಂಚಿಗೊಂದು, ತಳಕ್ಕೊಂದು ಕೆಂಪು ಪಟ್ಟಿ. ನಡುವೆ ಮರ ಹಾಗೇ ಕಾಣಬೇಕು, ಬರೀ ಜೇನುಮೇಣ.

ಒಂದು ಭರಣಿ 450ಕ್ಕೆ ಕೊಡಲು ಶುರು ಮಾಡಿದೆ, ಈಗ 650. ಇಲ್ಲಿಯವರೆಗೆ ಅರವತ್ತರ ಮೇಲೆ ಹೋಗಿವೆ, ಹಾಕಿದ ದುಡ್ಡು ಹೆಚ್ಚುಕಮ್ಮಿ ಬಂದಿದೆ. ಹೋದ ಬ್ಯಾಚಿನ ಮೂವತ್ತರಲ್ಲಿ ಸೀಳಿದ್ದು ಎರಡೇ. ಆಚಾರ್ರು ಅವನ್ನೂ ಕೈಯಲ್ಲಿ ತಿರುಗಿಸಿ ನೋಡಿ, ಸೀಳಿಗೆ ಹಿತ್ತಾಳೆ ತಂತಿ ಕೂರಿಸು, ಚೆಂದ ಕಾಣ್ತದೆ ಅಂದರು. ತಂತಿ ತಂದಿಟ್ಟಿದ್ದೇನೆ, ಈ ಭಾನುವಾರ ಒಂದಕ್ಕೆ ಹಾಕಿ ನೋಡಬೇಕು.