ಆ ಒಂದು ನಿಮಿಷ ಪೂರ್ತಿ ಕಾಯಬೇಕು

ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ತರಬೇತಿಗೆ ಬಂದ ಹೊಸ ನರ್ಸ್‌ಗಳು ಬಹಳ ಸಲ ಅರ್ಧ ನಿಮಿಷಕ್ಕೇ ಆಸಿಡ್ ಹಚ್ಚಿದ ಹತ್ತಿ ತೆಗೆದುಬಿಡುತ್ತಾರೆ. ಪರೀಕ್ಷೆಗೆ ಮಲಗಿರುವ ಹೆಂಗಸಿಗೆ ಮುಜುಗರ ಆಗುತ್ತಿರುತ್ತದೆ, ಬೇಗ ಮುಗಿಸೋಣ ಅನ್ನುವ ಕಾಳಜಿ ಅವರದು. ನಾನು ಗಡಿಯಾರದ ಕಡೆ ಕೈ ತೋರಿಸುತ್ತೇನೆ. ಒಂದು ನಿಮಿಷ ಅಂದರೆ ಒಂದು ನಿಮಿಷ.

ಕ್ಯಾನ್ಸರ್ ಸಂಸ್ಥೆಯ ತಡೆಗಟ್ಟುವ ವಿಭಾಗದಲ್ಲಿ ನನ್ನ ಕೆಲಸ ಇದೇ, ಈ ತಪಾಸಣೆ ಕಲಿಸುವುದು. ವಿಐಎ ಅನ್ನೋ ಪರೀಕ್ಷೆಯಲ್ಲಿ ಶೇ 3ರಿಂದ 5ರಷ್ಟು ಅಸಿಟಿಕ್ ಆಸಿಡ್ ಹಚ್ಚಿ, ಕಾದು, ಬೆಳ್ಳಗಾದ ಜಾಗ ಇದೆಯಾ ಅಂತ ಒಳ್ಳೆ ಬೆಳಕಿನಲ್ಲಿ ಬರಿಗಣ್ಣಿಂದ ನೋಡುತ್ತೇವೆ. ಹಚ್ಚುವುದನ್ನು ಯಾರು ಬೇಕಾದರೂ ಬೇಗ ಕಲಿಯುತ್ತಾರೆ. ನೋಡುವುದು ಕಷ್ಟ. ಬಿಳಿ ಕಂಡಿದ್ದೆಲ್ಲ ಪಾಸಿಟಿವ್ ಅಲ್ವಲ್ಲ! ಸೋಂಕು, ಉರಿಯೂತ ಇದ್ದರೂ ಬೆಳ್ಳಗಾಗುತ್ತದೆ, ಆದರೆ ಅದು ತೆಳು, ಅಂಚು ಸ್ಪಷ್ಟ ಇರುವುದಿಲ್ಲ, ಬೇಗ ಮಾಸುತ್ತದೆ. ನಮಗೆ ಬೇಕಾದ್ದು ದಪ್ಪ ಬಿಳಿ, ಗೆರೆ ಎಳೆದ ಹಾಗಿರುವ ಅಂಚು, ಮತ್ತು ಅದು ಗರ್ಭಕೊರಳಿನ ಎರಡು ಬಗೆಯ ಪದರ ಸೇರುವ ಜಾಗಕ್ಕೆ ತಾಗಿರಬೇಕು.

ಇದಕ್ಕೆ ನಾನು ಮಾಡಿಕೊಂಡ ದಾರಿ ಫೋಟೋ ಪಾಠ. ಬಯಾಪ್ಸಿ ವರದಿ ಕೈಯಲ್ಲಿರುವ ಕೇಸುಗಳ ಫೋಟೋ ಹಾಕುತ್ತೇನೆ, ಯಾರ ಹೆಸರೂ ಇರುವುದಿಲ್ಲ. ಪ್ರತಿಯೊಬ್ಬರೂ ಮಾತಾಡದೆ ಚೀಟಿಯಲ್ಲಿ ಉತ್ತರ ಬರೆಯಬೇಕು. ಸೀನಿಯರ್ ಸಿಸ್ಟರ್ ಕೊನೆಗೆ ಬಾಯಿ ಬಿಡಬೇಕು, ಅವರು ಮೊದಲೇ ಹೇಳಿಬಿಟ್ಟರೆ ಉಳಿದವರ ಕಣ್ಣಿಗೂ ಅದೇ ಕಾಣುತ್ತದೆ. ಆಮೇಲೆ ವರದಿ ತೆಗೆಯುತ್ತೇನೆ. ಜಗಳ ಆದ ಫೋಟೋಗಳೇ ಜಾಸ್ತಿ ಕಲಿಸುತ್ತವೆ. ಅವರು ತಮ್ಮ ಕೇಂದ್ರಕ್ಕೆ ವಾಪಸ್ ಹೋದ ಮೇಲೂ ಇದು ನಿಲ್ಲಬಾರದು. ತಿಂಗಳುಗಟ್ಟಲೆ ಒಂದೂ ಪಾಸಿಟಿವ್ ಬರದಿದ್ದರೆ ಅಥವಾ ಸುಮಾರು ಎಲ್ಲರೂ ಪಾಸಿಟಿವ್ ಆಗುತ್ತಿದ್ದರೆ ನಾನೇ ಫೋನ್ ಮಾಡುತ್ತೇನೆ.

ಇಷ್ಟು ಸರಳ ಪರೀಕ್ಷೆಯಿಂದ ಏನಾಗುತ್ತೆ ಅಂತ ಕೇಳುವವರಿದ್ದಾರೆ. ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು ಸುಮಾರು 1.5 ಲಕ್ಷ ಮಹಿಳೆಯರಲ್ಲಿ ನಡೆಸಿದ ಅಧ್ಯಯನದ ಫಲಿತಾಂಶ 2013ರಲ್ಲಿ ಬಂತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ವಿಐಎ ಮಾಡಿದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ 31ರಷ್ಟು ಕಡಿಮೆ. ನನ್ನ ಮಟ್ಟಿಗೆ ಆ ಅಂಕಿಯಲ್ಲಿ ತರಬೇತಿಯ ಪಾಲೂ ದೊಡ್ಡದು. ಆದರೆ 2009ರಲ್ಲೇ ಮಹಾರಾಷ್ಟ್ರದ ಉಸ್ಮಾನಾಬಾದ್ ಅಧ್ಯಯನ ಇನ್ನೊಂದು ತೋರಿಸಿತ್ತು, ಒಂದೇ ಒಂದು ಎಚ್‌ಪಿವಿ (ಈ ಕ್ಯಾನ್ಸರಿಗೆ ಕಾರಣವಾಗುವ ವೈರಸ್) ಪರೀಕ್ಷೆಯಿಂದ ಸಾವು ಹೆಚ್ಚುಕಮ್ಮಿ ಅರ್ಧಕ್ಕಿಳಿಯಿತು ಅಂತ, ಅಲ್ಲಿ ವಿಐಎಯಿಂದ ಅಷ್ಟು ಲಾಭ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಈಗ ಹೇಳುವುದೂ ಅದನ್ನೇ: 30 ದಾಟಿದವರಿಗೆ 5ರಿಂದ 10 ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ. ಸ್ಯಾಂಪಲ್ ಅನ್ನು ಹೆಂಗಸರು ತಾವೇ ತೆಗೆದುಕೊಳ್ಳಬಹುದು. ಪರೀಕ್ಷೆಗೆ ಮಲಗಲು ಹಿಂಜರಿದು ಬಾರದೇ ಉಳಿದವರನ್ನು ಇದು ತಲುಪುತ್ತದೆ, ಅದಕ್ಕೇ ನನಗೆ ಇದರ ಮೇಲೆ ಇಷ್ಟು ಆಸೆ.

ಹಾಗಂತ ಕಣ್ಣಿನ ಕೆಲಸ ಮುಗಿಯಲಿಲ್ಲ. ಎಚ್‌ಪಿವಿ ಪಾಸಿಟಿವ್ ಬಂದವರಿಗೆ ಥರ್ಮಲ್ ಅಬ್ಲೇಶನ್ (ಕೆಟ್ಟ ಭಾಗವನ್ನು ಬಿಸಿಯಿಂದ ಸುಡುವ ಚಿಕಿತ್ಸೆ) ಮಾಡಬಹುದಾ ಅಂತ ತೀರ್ಮಾನಿಸಲು ಮತ್ತೆ ನೋಡಲೇಬೇಕು. ಬಿಳಿ ಕಲೆ ಗರ್ಭಕೊರಳಿನ ಒಳಗಿನ ನಾಳಕ್ಕೆ ಹೋಗಿದ್ದರೆ, ಕ್ಯಾನ್ಸರ್ ಅನುಮಾನ ಇದ್ದರೆ ಮಾಡಬಾರದು, ತಜ್ಞರ ಹತ್ತಿರ ಕಳಿಸಬೇಕು. ಮಾಡಬಹುದು ಅಂತಾದರೆ ಅವತ್ತೇ ಮಾಡಿ. 100 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಕಾದ ಪ್ರೋಬ್ ಅನ್ನು 20ರಿಂದ 30 ಸೆಕೆಂಡ್ ಇಡುವುದು, ಅಷ್ಟೇ. ಇನ್ನೊಂದು ದಿನ ಬನ್ನಿ ಅಂದರೆ ಎಷ್ಟೋ ಜನ ಬರುವುದೇ ಇಲ್ಲ.

ಪಾಸಿಟಿವ್ ಅಂತ ಹೇಳುವ ಮಾತನ್ನೂ ಪಾತ್ರ ಹಾಕಿಸಿ ಅಭ್ಯಾಸ ಮಾಡಿಸುತ್ತೇನೆ. ಕ್ಯಾನ್ಸರ್ ಅನುಮಾನ ಇಲ್ಲದಿದ್ದರೆ ಮೊದಲ ಮಾತೇ, "ಅಮ್ಮಾ, ಪಾಸಿಟಿವ್ ಅಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ." ಸಾಮಾನ್ಯವಾಗಿ ಇಂಥ ಬದಲಾವಣೆ ಕ್ಯಾನ್ಸರ್ ಆಗಲು 15–20 ವರ್ಷ ಬೇಕು, ನಾವು ಮೊದಲೇ ಹಿಡಿದಿದ್ದೇವೆ ಅಂತ ಆಮೇಲೆ ಬಿಡಿಸಿ ಹೇಳಬೇಕು. ಚಿಕಿತ್ಸೆ ಆದಮೇಲೆ ಕೆಲವು ವಾರ ಯೋನಿಯಿಂದ ನೀರು ನೀರಾಗಿ ಸ್ರಾವ ಹೋಗುವುದು ಸಹಜ, ಜ್ವರ ಅಥವಾ ಜಾಸ್ತಿ ರಕ್ತ ಕಂಡರೆ ತಕ್ಷಣ ಬನ್ನಿ, ಇಷ್ಟನ್ನು ಬಾಯಲ್ಲೂ ಹೇಳಿ ಚೀಟಿಯಲ್ಲೂ ಕೊಡಬೇಕು. ಒಂದು ವರ್ಷದ ನಂತರದ ಪರೀಕ್ಷೆಯ ದಿನಾಂಕವನ್ನು ಅವರು ಹೊರಡುವ ಮುಂಚೆಯೇ ಕಾರ್ಡಿನಲ್ಲಿ ಬರೆದು, ನಮ್ಮ ರಿಜಿಸ್ಟರಿಗೂ ಏರಿಸಬೇಕು.